ಎರಡು ಸಲ ಬರೆದ ಸಾಲು

ಥೆಸಲೊನೀಕಿ
ಬುಧವಾರ, ಏಪ್ರಿಲ್ 3

ಪ್ರೀತಿಯ ಅಪ್ಪಾ,

ಗಂಟಲು ಹೇಗಿದೆ? ಕೆಮ್ಮು ಇನ್ನೂ ಇದೆ ಅಂತ ಭಾನುವಾರ ಫೋನಿನಲ್ಲೇ ಗೊತ್ತಾಯಿತು, ನೀನು ಮುಚ್ಚಿಟ್ಟೆ ಅಷ್ಟೆ. ಬೆಟ್ಟದ ಚಹಾಕ್ಕೆ ಜೇನು ಹಾಕಿಕೊಂಡು ಕುಡಿ. ಉಪವಾಸ ಅಂತ ಬರೀ ಬ್ರೆಡ್ಡು, ಆಲಿವ್ ತಿಂದು ಚರ್ಚಿಗೆ ಓಡಬೇಡ. ನಾನು ಚೆನ್ನಾಗಿದ್ದೇನೆ, ಅಂದರೆ ಜ್ವರ ಇಲ್ಲ. ಇಲ್ಲಿಯ ಮೆಸ್ಸಿನಲ್ಲಿ ಇವತ್ತೂ ಎಣ್ಣೆ ಕಾಣದ ಬೇಳೆ. ಒಂಬತ್ತನೇ ವಯಸ್ಸಿನಿಂದ ಇಂಗ್ಲೆಂಡಿನ ಹಾಸ್ಟೆಲ್ ಊಟ ಉಂಡವಳಿಗೆ ಅದೇನೂ ದೊಡ್ಡದಲ್ಲ. ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ. ಯಾಕೆ ಅಂತ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಸಾರಿ ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಕಾಗದ.

ಮುನ್ನುಡಿಯ ವಿಷಯ. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಬಿಷಪ್ಪರು ಮುತ್ತಜ್ಜ ಕೈಯಾರೆ ನಕಲು ಮಾಡಿದ ಹಾಡಿನ ಪುಸ್ತಕವನ್ನು ಬಿಡುಗಡೆ ಮಾಡುತ್ತಾರೆ, ಮೊದಲ ನಾಲ್ಕು ಪುಟ ಬಿಟ್ಟು ಉಳಿದದ್ದೆಲ್ಲ ಅಚ್ಚಾಗಿದೆ ಅಂದೆಯಲ್ಲ. ಆ ನಾಲ್ಕು ಪುಟ ಮುಂದಿನ ಶುಕ್ರವಾರದೊಳಗೆ ಪ್ರೆಸ್ಸಿಗೆ ಹೋಗಬೇಕು. ಕ್ರಿಸ್‌ಮಸ್ ರಜೆ ಮುಗಿಸಿ ನಾನು ಹಡಗು ಹತ್ತುವಾಗ ನೀನು ಪುಸ್ತಕವನ್ನು ದಿಂಬಿನ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಮಿರ್ಸಿನಿ, ಜಾಸ್ತಿ ಏನೂ ಬರೀಬೇಡ. ಪರೀಕ್ಷೆ ಮಾಡಿ ನೋಡಿದೆ, ಸಾವಿರ ವರ್ಷದಿಂದ ಒಂದು ಸ್ವರಾನೂ ಕದಲಿಲ್ಲ ಅಂತ ಬರಿ, ಕೆಳಗೆ ಸಹಿ ಹಾಕು" ಅಂದೆ. ನನಗೆ ಆಗ ಎಷ್ಟು ಖುಷಿಯಾಗಿತ್ತು ಗೊತ್ತಾ? ಚಿಕ್ಕಂದಿನಿಂದ ನಾನು ಬಾಯಿಬಿಟ್ಟು ಹಾಡಿದಾಗೆಲ್ಲ "ಪಿಯಾನೋ ಕಿವಿ, ನಿಮ್ಮಮ್ಮನ ಕಡೆಯದು" ಅಂತ ನಗುತ್ತಿದ್ದವನು ನೀನು. ಅಂಥವನಿಗೆ ನನ್ನ ಸಹಿ ಬೇಕಾಗಿತ್ತು.

ಹಾಗಾಗಿ ನಿಜಕ್ಕೂ ಪರೀಕ್ಷೆ ಮಾಡಿದೆ. ಇಲ್ಲಿ ಸಂಗೀತ ವಿಭಾಗದ ಮೊದಲ ವರ್ಷದಲ್ಲಿ ಝೋಗ್ರಾಫು ಮೇಡಂ ನಮ್ಮಿಂದ ಮಾಡಿಸುವುದು ಒಂದೇ ಕೆಲಸ: ಒಂದು ಹಾಡನ್ನು ಹಿಡಿದುಕೊಂಡು ಹಳೆಯ ಪುಸ್ತಕಗಳಲ್ಲಿ ಹಿಂದಕ್ಕೆ ನಡೆಯುವುದು. ನಾನು ಹಿಡಿದದ್ದು ನಮ್ಮ ಕೆರೂಬಿ ದೂತರ ಹಾಡನ್ನೇ. ಐನೂರೈವತ್ತು ವರ್ಷ ಹಿಂದಿನ ಮಠದ ಪುಸ್ತಕದಲ್ಲಿ ಅದು ಒಂದೂವರೆ ಪುಟ. ಇನ್ನೂರು ವರ್ಷ ಈಚೆಗೆ ಬಂದರೆ ಮೂರು ಪುಟ. ಮುತ್ತಜ್ಜನ ಕೈಯಲ್ಲಿ ಹನ್ನೊಂದು. ಹಿಂದೆ ಗುರು ಬಾಯಲ್ಲೇ ಕಲಿಸುತ್ತಿದ್ದುದರಿಂದ ಬರೆಯುವವನಿಗೆ ಒಂದು ಗುರುತು ಸಾಕಿತ್ತು. ಆಮೇಲೆ ಸ್ವರ ಬರೆಯುವ ಹೊಸ ಲಿಪಿ ಬಂದಾಗ ಅಂಥ ಒಂದೊಂದು ಗುರುತಿನ ಹೊಟ್ಟೆಯಿಂದ ಎರಡೆರಡು ಸಾಲು ಹೊರಗೆ ಬಂದವು. ಕದಲದೆ ನಿಂತ ಸ್ವರ ಅಂತ ಒಂದೂ ಇಲ್ಲ, ಅಪ್ಪಾ. ಅದು ಅವಮಾನವೂ ಅಲ್ಲ. ಬದಲಾಯಿಸಿದವರು ಮುಚ್ಚಿಡುತ್ತಿರಲಿಲ್ಲ. ಹಾಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ "ಇಂಥವನು ಸಿಂಗರಿಸಿದ್ದು", "ಇಂಥವನು ಚಿಕ್ಕದು ಮಾಡಿದ್ದು" ಎಂದು ಹೆಸರು ಹಾಕಿ, ನನಗಾಗಿ ಪ್ರಾರ್ಥಿಸಿ ಎಂದು ಬೇಡಿಕೊಳ್ಳುತ್ತಿದ್ದರು. ಓದುತ್ತಾ ಓದುತ್ತಾ ನನಗೆ ಅವರ ಮೇಲೆ ಪ್ರೀತಿ ಬಂದುಬಿಟ್ಟಿತು.

ಆಮೇಲೆ ಎಂಬತ್ತಮೂರನೇ ಪುಟಕ್ಕೆ ಬಂದೆ. ನಿನ್ನ ಸಾಲು. ಹಾಡು ಮೇಲಕ್ಕೇರಿ ನಿಲ್ಲುವ ಜಾಗ. ನೀನು ಅದನ್ನು ಎರಡು ಸಲ ಹಾಡುತ್ತೀಯ, ಎರಡನೇ ಸಲಕ್ಕೆ ಮೇಣದ ಬತ್ತಿ ಹಚ್ಚುತ್ತಿರುವವರೂ ತಿರುಗಿ ನೋಡುತ್ತಾರೆ. ಪುಟದ ಕೊನೆಯಲ್ಲಿ ಆ ಸಾಲು ಇದೆ. ಹಾಳೆ ಮಗುಚಿದರೆ ಮೊದಲಿಗೆ ಮತ್ತೆ ಅದೇ ಸಾಲು, ಪದವೂ ಅದೇ. ಬೇರೆ ಯಾವ ಪುಸ್ತಕದಲ್ಲೂ ಅದು ಎರಡು ಸಲ ಇಲ್ಲ. ಹಾಳೆ ಮಗುಚಿದ ಮೇಲೆ ಎಲ್ಲಿದ್ದೆನೆಂದು ಮರೆತು ಬರೆದದ್ದನ್ನೇ ಬರೆಯುವುದು ನಕಲು ಮಾಡುವವರಿಗೆ ಆಗುವಂಥದ್ದೇ. ಗೊತ್ತಾದ ಕೂಡಲೇ ತಪ್ಪು ಸಾಲಿನ ಸುತ್ತ ಕೆಂಪು ಚುಕ್ಕೆ ಇಡುತ್ತಾರೆ, ಹಾಡುವವನು ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾನೆ. ಮುತ್ತಜ್ಜನೂ ಇಟ್ಟಿದ್ದ. ದೀಪವನ್ನು ಓರೆಯಾಗಿ ಹಿಡಿದರೆ ಸಾಲಿನ ಸುತ್ತ ಕಾಗದ ತೆಳುವಾಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ನಾರಿನೊಳಗೆ ಕೆಂಪು ಇನ್ನೂ ಉಳಿದಿದೆ. ಯಾರೋ ಬ್ಲೇಡಿನಿಂದ ಹೆರೆದಿದ್ದಾರೆ.

ಮೊದಲು ನಿನ್ನ ಹೆಸರೇ ನನ್ನ ತಲೆಗೆ ಬರಲಿಲ್ಲ. ಅಜ್ಜ ಇರಬೇಕು, ಇಲ್ಲವೇ ಪುಸ್ತಕ ಕಟ್ಟಿದವನು, ಇಲ್ಲವೇ ಇಲಿ ಅಂತ ಏನೇನೋ ಅಂದುಕೊಂಡೆ. ಆದರೆ ಸಾಲಿನ ಪಕ್ಕ ನೀನು ಉಸಿರು ತೆಗೆದುಕೊಳ್ಳಲು ಹಾಕಿಕೊಳ್ಳುವ ಗೀಟು ಇದೆ, ಹಸಿರು ಪೆನ್ಸಿಲ್ಲಿನದು. ಬ್ಲೇಡು ಆ ಗೀಟಿನ ಮೇಲೇ ಹಾದಿದೆ, ಅರ್ಧ ಗೀಟು ಕಾಗದದ ಪುಡಿಯ ಜೊತೆ ಹೋಗಿದೆ. ಹಸಿರು ಪೆನ್ಸಿಲ್ಲಿನ ಆ ಡಬ್ಬಿಯನ್ನು ಸ್ಕೂಲಿನ ಅಂಗಡಿಯಿಂದ ತಂದುಕೊಟ್ಟವಳು ನಾನು, ನನಗೆ ಹದಿನಾಲ್ಕಾಗಿದ್ದ ಕ್ರಿಸ್‌ಮಸ್ಸಿಗೆ. ಅದಕ್ಕೆ ಮೊದಲು ನಿನ್ನ ಗೀಟೆಲ್ಲ ಕಪ್ಪು. ಅಂದರೆ ಹೆರೆದದ್ದು ಆ ಕ್ರಿಸ್‌ಮಸ್ಸಿನ ಮೇಲೆ, ಅದರ ಮುಂದಿನ ಗರಿಗಳ ಭಾನುವಾರಕ್ಕೆ ಮೊದಲು. ಪುಸ್ತಕ ಆಗ ನಿನ್ನ ಬೀರುವಿನಲ್ಲಿತ್ತು, ಕೀಲಿ ನಿನ್ನ ಜೇಬಿನಲ್ಲಿ.

ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ನೀನು ಹಾಡುವವರ ಬಲಗಡೆಯ ಪೀಠದಲ್ಲಿ, ಇಗ್ನಾತಿಸ್ ದೊಡ್ಡಪ್ಪ ಎಡಗಡೆಯ ಪೀಠದಲ್ಲಿ, ನಾನು ನಿನ್ನ ಪಕ್ಕ ಕೆಳಗೆ, ಕೈಯಲ್ಲಿ ಗರಿಯ ಬದಲು ಹಂಚುವ ಲಾರೆಲ್ ಟೊಂಗೆ. ಅವರ ಸರದಿ ಬಂತು, ಆ ಸಾಲನ್ನು ಎಂದಿನಂತೆ ಒಂದೇ ಸಲ ಹಾಡಿ ಮುಂದಕ್ಕೆ ಹೋದರು. ನೀನು ಈ ಕಡೆಯಿಂದ ಅವರ ದನಿಯ ಮೇಲೇ ಅದನ್ನು ಮತ್ತೆ ಎತ್ತಿಕೊಂಡೆ. ಎದುರು ಪೀಠದವರ ಬಾಯಿಂದ ಹಾಡು ಕಿತ್ತುಕೊಳ್ಳುವುದನ್ನು ನಮ್ಮ ಊರಲ್ಲಿ ಯಾರೂ ಯಾವತ್ತೂ ನೋಡಿರಲಿಲ್ಲ. ಪೂಜೆ ಮುಗಿದ ಮೇಲೆ ನೀನು ಚರ್ಚ್ ಕಮಿಟಿಯವರ ಮುಂದೆ "ಅಪ್ಪನ ಆಸ್ತಿ ಅಂತೂ ನುಂಗೋಕಾಗ್ಲಿಲ್ಲ, ಅಜ್ಜನ ಸಾಲನ್ನಾದ್ರೂ ನುಂಗೋಣ ಅಂತಾನಾ ಇಗ್ನಾತಿಸಣ್ಣ?" ಅಂದೆ. ಎಲ್ಲರೂ ನಕ್ಕರು. "ಸ್ತ್ರಾತಿ, ಅಪ್ಪ ಒಂದೇ ಸಲ ಹಾಡ್ತಿದ್ರು. ಅಲ್ಲಿ ಚುಕ್ಕೆ ಇದೆ, ಪುಸ್ತಕ ತೆಗೆದು ನೋಡು" ಅಂದರು ಅವರು. ನೀನು ಕಾದಿದ್ದವನ ಹಾಗೆ ತೆಗೆದು ತೋರಿಸಿದೆ, ಚುಕ್ಕೆ ಕಾಣಲಿಲ್ಲ. ದೊಡ್ಡಪ್ಪ ಬಗ್ಗಿ ನೋಡಿದರು, ಹೆಬ್ಬೆರಳನ್ನು ಹಾಳೆಯ ಮೇಲೆ ಒಮ್ಮೆ ನಿಧಾನವಾಗಿ ಆಡಿಸಿದರು, ನನ್ನ ಕಡೆ ನೋಡಿದರು, ಕೋಟು ತೆಗೆದುಕೊಂಡು ಹೊರಟುಹೋದರು. ಮನೆಯಲ್ಲಿ ಕರಿದ ಮೀನು, ಬೆಳ್ಳುಳ್ಳಿ ಚಟ್ನಿ. ಅವರ ತಟ್ಟೆ ಹಾಗೇ ಖಾಲಿ ಇತ್ತು. ನಾನು ಅದನ್ನು ತೋರಿಸಿ "ಸಾಲುನುಂಗ ಮೀನು ನುಂಗೋಕೆ ಬರಲಿಲ್ವಾ" ಅಂದೆ. ನಿನ್ನನ್ನು ನಗಿಸಲಿಕ್ಕೆ. ನೀನು ನಕ್ಕೆ, ನನ್ನ ತಲೆ ಸವರಿದೆ. ಆಮೇಲೆ ಬೀದಿಯ ಹುಡುಗರೆಲ್ಲ ಅವರನ್ನು ಅದೇ ಹೆಸರಿಂದ ಕರೆದರು. ಐದು ವರ್ಷದಿಂದ ಅವರು ಗುಡ್ಡದ ಮೇಲಿನ ಚಿಕ್ಕ ಚರ್ಚಿನಲ್ಲಿ ಏಳೆಂಟು ಮುದುಕಿಯರಿಗೆ ಹಾಡುತ್ತಿದ್ದಾರೆ, ಶ್ರುತಿ ಹಿಡಿಯಲೂ ಪಕ್ಕದಲ್ಲಿ ಯಾರಿಲ್ಲದೆ.

ಅವರು ತಪ್ಪೆಂದು ನೀನು ನಂಬಿದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆ ಸಾಲು ಎರಡನೇ ಸಲ ನಿನ್ನ ಗಂಟಲಲ್ಲಿ ಚೆಂದವಾಗಿಯೇ ಇತ್ತು, ಅಪ್ಪಾ. ಹಳಬರ ಹಾಗೆ "ಸ್ತ್ರಾತಿಸ್ ಸಿಂಗರಿಸಿದ್ದು" ಎಂದು ಬರೆದಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಅಣ್ಣನೂ ಅನ್ನುತ್ತಿರಲಿಲ್ಲ. ನಿನಗೆ ಹಾಡಿನ ಜೊತೆ ಸಾವಿರ ವರ್ಷವೂ ಬೇಕಾಯಿತು.

ಮುನ್ನುಡಿ ಇದರ ಜೊತೆಗಿದೆ. ಅರ್ಧ ಪುಟ ಅಷ್ಟೆ. ಹಾಡು ಹೇಗೆ ಬೆಳೆಯಿತು ಎಂದು ಬರೆದಿದ್ದೇನೆ. ಈ ಸಾಲು ಕೈತಪ್ಪಿನಿಂದ ಎರಡು ಸಲ ಬಂತು, ಬರೆದವರೇ ಕೆಂಪು ಚುಕ್ಕೆಯಿಟ್ಟು ತೆಗೆದರು, ಇಗ್ನಾತಿಸ್ ಹಾಡುತ್ತಿದ್ದುದೇ ಸರಿ ಎಂದು ಬರೆದಿದ್ದೇನೆ. ಕೊನೆಯ ವಾಕ್ಯ, "ಈ ಚುಕ್ಕೆಗಳನ್ನು ಆಮೇಲೆ ಅಳಿಸಿದವರು". ಮುಂದೆ ಜಾಗ ಬಿಟ್ಟಿದ್ದೇನೆ. ಅದನ್ನು ನೀನೇ ತುಂಬಿ ಪ್ರೆಸ್ಸಿಗೆ ಕಳಿಸು, ಆಗ ಕೆಳಗಿರುವ ನನ್ನ ಸಹಿ ನಿನ್ನದು. ತುಂಬದಿದ್ದರೆ ನನ್ನ ಹೆಸರಿಲ್ಲದೆ ಅಚ್ಚು ಹಾಕಿಸು, ಮಗಳು ಪರೀಕ್ಷೆ ಮಾಡಿದ್ದಾಳೆ ಅಂತ ಎಲ್ಲೂ ಹೇಳಬೇಡ.

ಕೆಮ್ಮಿಗೆ ಡಾಕ್ಟರನ್ನು ನೋಡು. ಎದುರುಮನೆಯ ಅಜ್ಜಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನ ದನಿಯನ್ನು ಕಾಪಾಡಲಿ, ಅದರ ಮೇಲೆ ನನಗೆ ಕೋಪವಿಲ್ಲ.

ನಿನ್ನ
ಮಿರ್ಸಿನಿ

ಮರೆತೆ: ಬೆಳಿಗ್ಗೆ ದೊಡ್ಡಪ್ಪನಿಗೆ ಫೋನ್ ಮಾಡಿದ್ದೆ. "ಹೆರೆದಿದ್ದು ಹೆಬ್ಬೆರಳಿಗೆ ತಾಗಿತ್ತು ಪುಟ್ಟೀ, ಅವತ್ತೇ ಗೊತ್ತಾಯ್ತು" ಅಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ನೀನು ಅಲ್ಲೇ ನಿಂತು ಅವನ ಮುಖಾನೇ ನೋಡ್ತಿದ್ದೆ. ವರ್ಷಕ್ಕೆರಡು ಸಲ ಅಪ್ಪನ್ನ ನೋಡೋ ಮಗು. ಹೇಗೆ ಹೇಳ್ಲಿ?" ಗರಿಗಳ ಭಾನುವಾರಕ್ಕೆ ನಾನು ಊರಿಗೆ ಬರುತ್ತಿದ್ದೇನೆ, ಆದರೆ ಬಿಡುಗಡೆಗಲ್ಲ. ಗುಡ್ಡದ ಮೇಲೆ ಎಡಗಡೆ ನಿಂತು ಶ್ರುತಿ ಹಿಡಿಯುತ್ತೇನೆ. ಅಷ್ಟಕ್ಕೆ ನನ್ನ ಪಿಯಾನೋ ಕಿವಿ ಸಾಕಂತೆ.