ಮಡಚುವ ಚಕ್ರಗಳು

ಕಡಿಯಾಳಿ,
4 ಫೆಬ್ರವರಿ 2003

ಮುದ್ದಿನ ಅಮ್ಮಾ,

ಹೊಸ ಮದುಮಗಳು ರಿಮೋಟ್ ವಿಮಾನ ಹಾರಿಸಿದರೆ ಅತ್ತೆ ಎಂತ ಹೇಳಿಯಾರು ಎಂದು ಬರೆದಿದ್ದೀಯಲ್ಲ, ನಾನಂತೂ ಬಿಡುವುದಿಲ್ಲ! ನಮ್ಮ ಪುಟ್ಟ ಯುದ್ಧವಿಮಾನ ಮೇಲೇರಿದ ಕೂಡಲೇ ಚಕ್ರಗಳು ನಿಜವಾದದ್ದರ ಹಾಗೆ ರೆಕ್ಕೆಯೊಳಗೆ ಮಡಚಿಕೊಳ್ಳಬೇಕು.

"ಚಕ್ರ ಹೊರಗೇ ಇರಲಿ ಮಾರಾಯ್ತಿ, ಕೊರೆದರೆ ರೆಕ್ಕೆ ಮುರಿದೀತು" ಎಂದು ನಿನ್ನ ಅಳಿಯ ಧನರಾಜ್ ಹೆದರಿಸಿದರು. ನಾನೇ ಕೊರೆದೆ. ಮುರಿಯಲಿಲ್ಲ! ಬಲಗಡೆಯ ಚಕ್ರ ಎಷ್ಟು ಚೆಂದ ಮಡಚುತ್ತದೆ ಗೊತ್ತುಂಟಾ? ಎಡಗಡೆಯದು ಮಾತ್ರ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ.

ಶನಿವಾರ ಬರುವಾಗ ಅಪ್ಪನ ಬೋಟಿನ ಪೆಟ್ಟಿಗೆಯಿಂದ ಕಬ್ಬಿಣ ಉಜ್ಜುವ ಸಣ್ಣ ಅರ ತಾ. ಭಾನುವಾರ ನೀರಿಳಿದ ಮೇಲೆ ಕಾಪುವಿನ ಗಟ್ಟಿ ಮರಳಿನಿಂದ ಹಾರಿಸಿಯೇ ಸಿದ್ಧ.

ಶಂಕರಪುರದ ಮಲ್ಲಿಗೆ ಎರಡು ಚೆಂಡು ತಾ, ಒಂದು ಅತ್ತೆಗೆ. ನಾನು ಕೊರೆಯುವಾಗ ರೆಕ್ಕೆ ಅಲುಗದಂತೆ ಹಿಡಿದುಕೊಂಡವರು ಅವರೇ.

ನಿನ್ನ ಹಟಮಾರಿ,
ಹರ್ಷಿಣಿ