ಕಣ್ಣಿದ್ದವರು ಎಳೆದ ಗೆರೆ

ಮಾರ್ಚ್ ೧೪, ಭಾನುವಾರ ಸಂಜೆ

ಪ್ರೀತಿಯ ಗುಬ್ಬಿಗೆ,

ಅಕ್ಕನ ಅಕ್ಕರೆ. ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ಕೂತು ನನ್ನನ್ನು ದಿಟ್ಟಿಸುತ್ತಿವೆ. ಎರಡನೆಯದರಲ್ಲಿ ‘ಬದುಕಿದ್ದೀರೋ ಇಲ್ಲವೋ’ ಎಂದು ಕೇಳಿದ್ದೀಯ. ಬದುಕಿದ್ದೇವೆ. ನಾನು ಎಂದಿನಂತೆ ಇಡಿಯಾಗಿ, ಅಣ್ಣ ಮುಕ್ಕಾಲು ಭಾಗ. ಉಳಿದ ಕಾಲು ಭಾಗ ಪ್ಲಾಸ್ಟರಿನೊಳಗಿದೆ. ಗಾಬರಿಯಾಗಬೇಡ, ಬಲಗೈ ಮಣಿಕಟ್ಟು, ಒಂದೇ ಕಡೆ ಬಿರುಕು, ಇನ್ನು ಮೂರು ವಾರಕ್ಕೆ ಬಿಚ್ಚುತ್ತಾರೆ. ಆಗಲೇ ತಿಳಿಸಿದ್ದರೆ ನೀನು ಶಾಲೆಗೆ ರಜೆ ಹಾಕಿ ಓಡಿಬರುತ್ತಿದ್ದೆ, ಬಂದು ಇಬ್ಬರನ್ನೂ ಬೈಯುತ್ತಿದ್ದೆ. ಮುರಿದ ಕೈಯ ಜೊತೆಗೆ ನಿನ್ನ ಬೈಗುಳವನ್ನೂ ತಡೆದುಕೊಳ್ಳುವ ತ್ರಾಣ ಅವನಿಗಿರಲಿಲ್ಲ. ತಡವಾದದ್ದನ್ನು ಮನ್ನಿಸು.

ಇದನ್ನೂ ಬರೆದು ಮುಗಿಸಿ ಅವನಿಗೆ ಓದಿ ಹೇಳಿಯೇ ಲಕೋಟೆಗೆ ಹಾಕುತ್ತೇನೆ. ಕಣ್ಣಿಲ್ಲದ ಮಗನಿರುವ ಮನೆಯಿಂದ ಅವನಿಗೆ ತಿಳಿಯದ ಕಾಗದ ಹೊರಗೆ ಹೋಗಬಾರದು ಎಂದು ಅಮ್ಮ ಮಾಡಿಟ್ಟ ಕಟ್ಟಳೆಯನ್ನು ನಾನು ಒಮ್ಮೆಯೂ ಮೀರಿಲ್ಲ. ಈಗಲೂ ಎದುರಿಗೇ ಕೂತು, ನನ್ನ ಕೈ ವಿಚಾರ ಸಾಕು, ಆ ಸುಂದರ ನಗರದ ವಿಚಾರ ಬರಿ ಎನ್ನುತ್ತಿದ್ದಾನೆ.

ಹೌದು ಗುಬ್ಬಿ, ನಮ್ಮ ಬೀದಿ ಸುಂದರವಾಗಿದೆ. ಮುನ್ಸಿಪಾಲಿಟಿಯ ನಗರ ಸೌಂದರ್ಯ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದನ್ನು ಹಿಂದೆ ಬರೆದಿದ್ದೆ. ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವಳೊಬ್ಬಳು ಇದ್ದರೆ ಗೋಡೆಗಳ ಮೇಲೆ ಬರೆಸಲು ನಾಲ್ಕು ಸಾಲು ಸಿಕ್ಕೀತು ಎಂದು ಅವರ ಲೆಕ್ಕಾಚಾರ. ನಾನು ಹೋದದ್ದು ಒಂದೇ ಆಸೆಯಿಂದ: ಮನೆಯಿಂದ ಬೆತ್ತದಂಗಡಿಯ ತನಕ ಅಣ್ಣನ ಕಾಲಿಗೂ ಕೋಲಿಗೂ ಸಿಗುವ ಹಳದಿ ಪಟ್ಟಿ ಹಾಕಿಸಬೇಕು. ಅವನಿಗೂ ಐವತ್ತು ದಾಟಿತು, ಕಿವಿ ಮೊದಲಿನಷ್ಟು ಚುರುಕಿಲ್ಲ.

ಮೂವತ್ತು ವರ್ಷ ಅವನು ಈ ಬೀದಿಯಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆದಿದ್ದಾನೆ. ಮನೆಯಿಂದ ಹೊರಟರೆ ಮೊದಲು ಬೇಕರಿಯ ವಾಸನೆ, ಆಮೇಲೆ ಬೀಗದ ಕೈ ಮಾಡುವವನ ಅರದ ಕಿರ್ರೆಂಬ ಸದ್ದು, ಹಲ್ಲಿನ ಡಾಕ್ಟರ ಮುಂದೆ ಕಾಲಿಟ್ಟರೆ ‘ಟಕ್’ ಎನ್ನುವ ಚರಂಡಿ ಚಪ್ಪಡಿ, ಝೆರಾಕ್ಸ್ ಅಂಗಡಿಯ ಬಿಸಿ ಗಾಳಿ, ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ನೀರಲ್ಲಿ ನೆನೆಹಾಕಿದ ಬೆತ್ತದ ವಾಸನೆ. ಅಲ್ಲಿ ಎಡಕ್ಕೆ ತಿರುಗಿದರೆ ಅವನು ಬೆತ್ತ ಹೆಣೆಯುವ ಕುರ್ಚಿಗಳು. ಬೀದಿಯೇ ಅವನಿಗೆ ದಾರಿ ಹೇಳುತ್ತಿತ್ತು.

ಸಮಿತಿ ಮೊದಲು ಮಾಡಿದ ಕೆಲಸ ಆ ಬೀದಿಯ ಬಾಯಿ ಮುಚ್ಚಿಸಿದ್ದು. ಎಲ್ಲ ಅಂಗಡಿಗಳಿಗೂ ಒಂದೇ ಬಗೆಯ ಗಾಜಿನ ಬಾಗಿಲು, ಮೇಲೆ ಒಂದೇ ಅಳತೆಯ ಕಂದು ಬೋರ್ಡು, ಒಂದೇ ಬಗೆಯ ಅಕ್ಷರ. ಅಧ್ಯಕ್ಷರು ಇದನ್ನು ‘ದೃಶ್ಯ ಶಿಸ್ತು’ ಎನ್ನುತ್ತಾರೆ. ಆ ಮಾತನ್ನು ಆಡುವಾಗ ಅವರ ಮುಖ ಹೊಸ ಹಲ್ಲುಸೆಟ್ಟು ಕಟ್ಟಿಸಿಕೊಂಡವರ ಹಾಗೆ ಇರುತ್ತದೆ. ಬೀಗ ತೆಗೆಸಲು ಬಂದವರೊಬ್ಬರು ಬೋರ್ಡು ನೋಡದೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಒಡೆಯದೆ ತೆಗೆಯೋಕಾಗುತ್ತಾ ಎಂದು ಕೇಳಿದರಂತೆ. ಬಾಯಿ ತೆಗೀರಿ ನೋಡೋಣ ಎಂದರಂತೆ ಡಾಕ್ಟರು. ಇದು ಅಣ್ಣನೇ ಕಟ್ಟಿದ ಕತೆ ಎಂದು ನನ್ನ ಗುಮಾನಿ. ಅಲ್ಲವೆಂದು ಆಣೆ ಮಾಡುತ್ತಾನೆ.

ಆಮೇಲೆ ಬೆಂಚುಗಳು ಬಂದವು. ಮುಂದಕ್ಕೆ ಇಳಿಜಾರು; ಐದು ನಿಮಿಷ ಕೂತರೆ ಜಾರುತ್ತೀಯ. ನಕ್ಷೆ ಮಾಡುವ ಯುವಕನನ್ನು ಕೇಳಿದೆ. ಅಣ್ಣ ಅವನಿಗೆ ಗೆರೆರಾಯ ಎಂದು ಹೆಸರಿಟ್ಟಿದ್ದಾನೆ. ಜನ ಕೂತರೆ ಬೆಂಚಿನ ಅಂದ ಹೋಗುತ್ತದೆ ಎಂದು ಅವನು ನನಗೆ ತಾಳ್ಮೆಯಿಂದ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಮೂಲೆಯ ಗೋಡೆಗೆ ಪ್ಲಾಸ್ಟಿಕ್ ಹುಲ್ಲು ಹೊದಿಸಿದ್ದಾರೆ. ದಿನಾ ಬೆಳಿಗ್ಗೆ ಕಸ ಗುಡಿಸುವವಳು ಕಸ ಬಿಟ್ಟು ಆ ಹುಲ್ಲಿನ ಧೂಳು ಹೊಡೆಯುತ್ತಾಳೆ. ಕಾರಂಜಿಯೊಂದಿದೆ, ಅಧ್ಯಕ್ಷರ ಕಾರು ತಿರುವಿನಲ್ಲಿ ಕಂಡಾಗ ಚಿಮ್ಮುತ್ತದೆ, ಕಾರು ಮರೆಯಾದಾಗ ಕೆಮ್ಮಿ ನಿಲ್ಲುತ್ತದೆ. ನಾನು ಗೋಡೆಗೆಂದು ಬರೆದುಕೊಟ್ಟ ಸಾಲಿಗೆ ನಡುವೆ ಕರೆಂಟಿನ ಡಬ್ಬ ಅಡ್ಡ ಬಂತಂತೆ. ಅರ್ಧಕ್ಕೆ ನಿಲ್ಲಿಸಿ, ಮಿಕ್ಕ ಜಾಗಕ್ಕೆ ಚಿಟ್ಟೆ ಬಿಡಿಸಿದ್ದಾರೆ.

ಬೆತ್ತದಂಗಡಿಗೆ ಸ್ವಲ್ಪ ಮೊದಲು ಫೈಬರಿನ ಜಿಂಕೆ ನಿಲ್ಲಿಸಿದರು. ಚಿಕ್ಕಂದಿನಲ್ಲಿ ನಾವಿಬ್ಬರೂ ಅಣ್ಣನ ಅಂಗೈ ಮೇಲೆ ಬೆರಳಿನಲ್ಲಿ ನದಿ, ರೈಲು, ಅಕ್ಷರ ಎಲ್ಲ ಬರೆದು ತೋರಿಸುತ್ತಿದ್ದೆವಲ್ಲ, ಹೊಸದೇನು ಬಂದರೂ ನಾನು ಈಗಲೂ ಹಾಗೇ ತೋರಿಸುತ್ತೇನೆ. ಜಿಂಕೆಯನ್ನೂ ಬರೆದೆ. ಅವನು ಸ್ವಲ್ಪ ಯೋಚಿಸಿ, “ಕತ್ತೆ” ಎಂದ. ಮಾರನೆಯ ದಿನ ಹೋಗಿ ಇನ್ನೊಮ್ಮೆ ಸರಿಯಾಗಿ ನೋಡಿದೆ. ಅವನೇ ಸರಿ.

ಈ ಜನಕ್ಕೆ ಊರೆಂದರೆ ಕಾರಿನ ಕಿಟಕಿಯಿಂದ ಕಾಣುವ ವಸ್ತು. ಅವರ ನಕ್ಷೆಗಳಲ್ಲಿ ಬೂದು ಬಣ್ಣದ ಪುಟ್ಟ ಬೊಂಬೆಗಳಿರುತ್ತವೆ, ನೋಡಿದ್ದೀಯಾ? ಮರ ಎಷ್ಟೆತ್ತರ, ಕಂಬ ಎಷ್ಟೆತ್ತರ ಎಂದು ತಿಳಿಯಲು ಪಕ್ಕದಲ್ಲಿ ನಿಲ್ಲಿಸಿದ ಮನುಷ್ಯರು. ಅವರಿಗೆ ಮುಖವಿಲ್ಲ, ಮಂಡಿನೋವಿಲ್ಲ, ಹೋಗಬೇಕಾದ ಕೆಲಸವಿಲ್ಲ. ಸಮಿತಿಯ ಕಣ್ಣಿಗೆ ನಾವೆಲ್ಲ ಆ ಬೊಂಬೆಗಳು. ಅಳತೆಗೆ ಬೇಕು, ಮಿಕ್ಕಂತೆ ಅಡಚಣೆ.

ಹಳದಿ ಪಟ್ಟಿಗೆ ಬರುತ್ತೇನೆ. ಅದರಲ್ಲಿ ಉದ್ದ ಉಬ್ಬುಗೆರೆ ಇದ್ದರೆ ‘ನಡೆ’ ಎಂದರ್ಥ, ಗುಂಡು ಚುಕ್ಕಿಗಳಿದ್ದರೆ ‘ನಿಲ್ಲು’ ಎಂದರ್ಥ. ನೆಟ್ಟಗೆ ಎಳೆದು, ಅಂಗಡಿಯ ಬಾಗಿಲಲ್ಲಿ ಚುಕ್ಕಿ ಇಟ್ಟರೆ ಮುಗಿಯಿತು. ಗೆರೆರಾಯ ಅದನ್ನು ಅಲೆಅಲೆಯಾಗಿ ಎಳೆದ. ಸಮುದ್ರದ ಭಾವನೆ ಬರಬೇಕಂತೆ. ಸಮುದ್ರ ಇಲ್ಲಿಂದ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಚುಕ್ಕಿಗಳು ಅವನ ಕಣ್ಣಿಗೆ ಹೂವಿನಂತೆ ಕಂಡವು, ಹತ್ತು ಹೆಜ್ಜೆಗೊಂದು ಹೂ ಇಟ್ಟ. ಸಮಿತಿಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಒಪ್ಪಿಗೆಯಾಯಿತು.

ಉದ್ಘಾಟನೆಗೆ ಫೋಟೋದವರ ಮುಂದೆ ನಡೆದು ತೋರಿಸಲು ಕಣ್ಣಿಲ್ಲದವರೊಬ್ಬರು ಬೇಕಿತ್ತು. ಅಣ್ಣನನ್ನು ಕರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದ. ಕೋಲಿನಿಂದ ಪಟ್ಟಿ ಹಿಡಿದು ಹೊರಟವನು ಒಮ್ಮೆ ಗೋಡೆ ಕಡೆ ವಾಲಿದ, ಒಮ್ಮೆ ರಸ್ತೆ ಕಡೆ ವಾಲಿದ, ಹತ್ತು ಹೆಜ್ಜೆಗೊಮ್ಮೆ ಗಕ್ಕನೆ ನಿಂತ. ಜನ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಯಾರೋ ನಕ್ಕರು. ಅಧ್ಯಕ್ಷರು ಮೈಕು ಹಿಡಿದು ಹೇಗನಿಸಿತು ಎಂದು ಕೇಳಿದರು.

“ಚೆನ್ನಾಗಿದೆ ಸಾರ್. ಕುಡಿದವರಿಗೆ ಅಂತ ಮಾಡಿಸಿದ್ದಾ?”

ಮೈಕು ಆಮೇಲೆ ಅವನ ಹತ್ತಿರ ಬರಲಿಲ್ಲ. ಮನೆಗೆ ಬಂದು ಹೇಳಿದ, “ಅಲ್ಲ ಕಣೇ, ನಿಲ್ಲು ಅನ್ನುತ್ತೆ, ನಿಲ್ಲುತ್ತೀನಿ. ಯಾಕೆ ನಿಲ್ಲಿಸಿದೆ ಅಂದರೆ ಸುಮ್ಮನಿರುತ್ತೆ.” ಆದರೂ, ಬೀದಿಯ ಸದ್ದು ವಾಸನೆ ಎಲ್ಲ ಗಾಜಿನ ಹಿಂದೆ ಹೋದ ಮೇಲೆ, ಅವನಿಗೆ ಉಳಿದದ್ದು ಆ ಪಟ್ಟಿಯೊಂದೇ. ನಾಲ್ಕನೆಯ ದಿನ ಒಬ್ಬನೇ ಅದನ್ನೇ ಹಿಡಿದು ಕೆಲಸಕ್ಕೆ ಹೊರಟ. ಜಿಂಕೆಯ ಹತ್ತಿರ ಅಲೆ ಫುಟ್‌ಪಾತಿನ ಅಂಚಿಗೆ ಗೇಣು ಉಳಿಸಿ ಹೊರಳುತ್ತದೆ. ಕೋಲು ಪಟ್ಟಿಯ ಮೇಲೇ ಇತ್ತು. ಕಾಲು ರಸ್ತೆಗೆ ಇಳಿಯಿತು. ಬೀಳುವಾಗ ಜಿಂಕೆಯ ಕಿವಿ ಹಿಡಿದುಕೊಂಡ. ಕಿವಿ ಕೈಗೆ ಬಂತು. ಮುನ್ಸಿಪಾಲಿಟಿಯಿಂದ ಮಾರನೆಯ ದಿನ ಬಂದ ಮನುಷ್ಯ ಅವನನ್ನು ನೋಡಲು ಬಂದದ್ದಲ್ಲ, ಆ ಕಿವಿಯನ್ನು ಕೇಳಿಕೊಂಡು ಬಂದದ್ದು.

ಇಷ್ಟು ದಿನ ನಕ್ಕೊಂಡೇ ಇದ್ದವನು ಮೊನ್ನೆ ನನ್ನನ್ನು ಒಂದು ಮಾತೂ ಕೇಳದೆ, ಕೈ ಸರಿಯಾದ ಮೇಲೆ ಕುರ್ಚಿಗಳನ್ನು ಮನೆಗೇ ಕಳಿಸಿಬಿಡಿ ಎಂದು ಅಂಗಡಿಯವರಿಗೆ ಹೇಳಿಕಳಿಸಿದ್ದಾನೆ. ಇನ್ನು ಹೊರಗೆ ಹೋಗುವುದಿಲ್ಲವಂತೆ. ಕೋಲನ್ನು ಬಾಗಿಲ ಹಿಂದಿನಿಂದ ತೆಗೆದು ಅಟ್ಟದ ಮೇಲೆ ಹಾಕಿಸಿದ್ದಾನೆ.

ನಾನು ಹೋಗಿ ಸಮಿತಿಯಲ್ಲಿರುವ ಮುನ್ಸಿಪಾಲಿಟಿ ಇಂಜಿನಿಯರನ್ನು ಕಂಡೆ. ಯಾವುದಕ್ಕೂ ‘ನೋಡೋಣ’ ಎನ್ನುವ ಮನುಷ್ಯ, ಆದರೆ ಆ ಗುಂಪಿನಲ್ಲಿ ಇದ್ದುದರಲ್ಲಿ ವಾಸಿ. ಪಟ್ಟಿಯನ್ನು ಕಿತ್ತು ನೆಟ್ಟಗೆ ಹಾಕಬಹುದಂತೆ. ಆದರೆ ಅಂದು ಒಪ್ಪಿಗೆ ಕೊಟ್ಟವರೇ ತಮ್ಮಿಂದ ತಪ್ಪಾಯಿತೆಂದು ಬರೆದುಕೊಡಬೇಕಂತೆ. ಅಂಥ ಎದೆಯಿರುವವರು ಆ ಸಮಿತಿಯಲ್ಲಿ ಯಾರಿದ್ದಾರೆ ಹೇಳು. ನಿನ್ನೆ ನಾನು ಕಾಲೇಜಿಗೆ ಹೋಗಿದ್ದಾಗ ಆ ಇಂಜಿನಿಯರೇ ಹಣ್ಣು ತಂದುಕೊಟ್ಟು ಅಣ್ಣನ ಜೊತೆ ಅರ್ಧ ಗಂಟೆ ಕೂತಿದ್ದರಂತೆ. ಏನು ಮಾತಾಡಿದಿರಿ ಎಂದರೆ, ಹಣ್ಣು ಹುಳಿ ಇತ್ತು ಎನ್ನುತ್ತಾನೆ.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ದೊಡ್ಡವಳು ಪರೀಕ್ಷೆ ಚೆನ್ನಾಗಿ ಬರೆಯಲಿ, ಚಿಕ್ಕವಳ ಕೆಮ್ಮು ಬೇಗ ಇಳಿಯಲಿ. ನೀವೆಲ್ಲ ಎಡವದ ದಾರಿಯಲ್ಲಿ ನಡೆಯುವಂತಾಗಲಿ ಎಂದು ಅಣ್ಣನ ಹಾರೈಕೆ. ಈ ಸಾಲು ಅವನೇ ಹೇಳಿ ಬರೆಸಿದ್ದು. ನನ್ನದೂ ಅದೇ.

ನಿನ್ನ
ಅಕ್ಕ

ಮರೆತ ಮಾತು:

ಮರೆತದ್ದಲ್ಲ ಗುಬ್ಬಿ. ಮೇಲಿನದನ್ನೆಲ್ಲ ಅವನಿಗೆ ಓದಿ ಹೇಳಿಯಾಯಿತು. ಅಲ್ಲಲ್ಲಿ ನಕ್ಕ. ಇಲ್ಲಿಂದ ಮುಂದಿನದನ್ನು ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಅಮ್ಮನ ಕಟ್ಟಳೆಯನ್ನು ಮುರಿಯುತ್ತಿರುವುದು ಇದೇ ಮೊದಲು.

ಸಮಿತಿಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಗೆರೆರಾಯ ಅಂದು ಮೇಜಿನ ಮೇಲೆ ಎರಡು ನಕ್ಷೆ ಹಾಸಿದ್ದ. ಒಂದರಲ್ಲಿ ಪಟ್ಟಿ ನೆಟ್ಟಗಿತ್ತು, ನಾನು ಕೇಳಿದ ಹಾಗೆಯೇ. ಇನ್ನೊಂದು ಈ ಅಲೆ. ಅಧ್ಯಕ್ಷರು ನನ್ನ ಕಡೆ ತಿರುಗಿ, ಮೇಡಂ, ನಿಮ್ಮ ಮನೆಯಲ್ಲೇ ಅಂಥವರಿದ್ದಾರೆ, ನೀವು ಹೇಳಿದ್ದೇ ಅಂತಿಮ ಎಂದರು. ನಾನು ಅಲೆಯ ಮೇಲೆ ಬೆರಳಿಟ್ಟೆ. “ಅದು ಗದ್ಯ, ಇದು ಕವಿತೆ” ಎಂದೆ. ಎಲ್ಲರೂ ಮೇಜು ತಟ್ಟಿದರು. ನನಗೆ ಹೆಮ್ಮೆಯಾಯಿತು. ಕೆಳಗೆ ಸಹಿ ಹಾಕಿದೆ. ಇಷ್ಟು ಹೊತ್ತು ಆ ಜನವನ್ನು ಹೀಯಾಳಿಸಿದೆನಲ್ಲ, ಅವರಲ್ಲಿ ಒಬ್ಬರ ಮನೆಯಲ್ಲೂ ಕಣ್ಣಿಲ್ಲದ ಅಣ್ಣ ಇರಲಿಲ್ಲ. ಅವರಿಗೆ ಆ ನೆಪವಾದರೂ ಇದೆ.

ನಕ್ಷೆ ಒಂದು ವಾರ ನನ್ನ ಬೀರುವಿನಲ್ಲೇ ಇತ್ತು. ಕತ್ತೆಯಂಥ ಜಿಂಕೆಯನ್ನು ಅವನ ಅಂಗೈ ಮೇಲೆ ಬರೆದವಳು ಇದೊಂದನ್ನು ಬರೆಯಲಿಲ್ಲ. ಹಾಕಿಸಿದ ಮೇಲೆ ಅವನಿಗೆ ಅಚ್ಚರಿಯಾಗಲಿ ಎಂದುಕೊಂಡಿದ್ದೆ. ಬಿದ್ದ ದಿನ ಬೆಳಿಗ್ಗೆ ಹೊಸ್ತಿಲ ಮೇಲೆ ನಿಂತು, “ನೀನು ನೋಡಿದ್ದೀಯ ತಾನೇ, ನಂಬಬಹುದಾ?” ಎಂದು ಕೇಳಿದ್ದ. ನಂಬು ಎಂದಿದ್ದೆ.

ತಪ್ಪೊಪ್ಪಿಗೆಯ ಅರ್ಜಿ ಬರೆದು ಹತ್ತು ದಿನವಾಯಿತು. ಅವನಿಗೆ ಓದದೆ ಕಳಿಸಲಾರೆ, ಓದಲೂ ಆಗಿರಲಿಲ್ಲ.

ಈಗ, ನಿನಗೆ ಬರೆದದ್ದನ್ನು ಓದಿ ಮುಗಿಸಿದಾಗ ಅವನು ಎಡಗೈ ಚಾಚಿದ. “ಆ ಗೆರೆ ಹೇಗಿತ್ತು, ಬರಿ ನೋಡೋಣ” ಎಂದ. ಮೊಣಕೈಯಿಂದ ಬೆರಳ ತುದಿಯ ತನಕ ನಿಧಾನವಾಗಿ ಅಲೆ ಎಳೆದೆ. ಕೈ ಮಡಚಿಕೊಂಡ.

“ಚೆನ್ನಾಗಿದೆ ಕಣೇ. ಎರಡರಲ್ಲಿ ಒಂದು ಆರಿಸು ಅಂದಿದ್ದರೆ ನಾನೂ ಇದನ್ನೇ ಆರಿಸ್ತಿದ್ದೆ.”

ಎರಡಿದ್ದವೆಂದು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಸಾರಿಗೆ ಕುದಿ ಬಂತೆಂದು ಹೇಳಿ ಇಲ್ಲಿಗೆ ಎದ್ದು ಬಂದೆ. ಒಲೆ ಹಚ್ಚಿಯೇ ಇಲ್ಲ; ಅದೂ ಅವನಿಗೆ ಗೊತ್ತು. ಅರ್ಜಿ ಡಬ್ಬಿಗಳ ಹಿಂದೆ ಇದೆ, ತೆಗೆದುಕೊಂಡು ಹೋಗಿ ಅವನ ಎದುರು ಕೂರುತ್ತೇನೆ. ಮೊದಲು ಅದನ್ನು ಓದುತ್ತೇನೆ, ಆಮೇಲೆ ಇದನ್ನು.