ಎರಡು ಲಕ್ಷದಲ್ಲಿ ಸೊನ್ನೆ

ಫೆಬ್ರವರಿ 3, ಸಂಜೆ

ನಂಜನಗೂಡು ರೈಲು ಮತ್ತೆ ತಡ. ಮೈಸೂರಿನ ಲ್ಯಾಬ್ ತಲುಪುವಷ್ಟರಲ್ಲೇ ಸುಸ್ತು.

ಸೋಸಲೆಯ ವನಜಾಕ್ಷಿಯವರ ಅಸ್ಥಿಮಜ್ಜೆ ಬಂದಿತ್ತು. ಅಂಗನವಾಡಿ ಟೀಚರ್. ಬ್ಲಡ್ ಕ್ಯಾನ್ಸರ್‌ನ ಮೊದಲ ಸುತ್ತಿನ ಔಷಧಿ ಮುಗಿದಿದೆ. ಕೆಟ್ಟ ಕೋಶ ಉಳಿದಿದೆಯೇ ನೋಡಬೇಕು — ಲಕ್ಷಕ್ಕೆ ಒಂದಿದ್ದರೂ. ಅದಕ್ಕೆ ಇಪ್ಪತ್ತು ಲಕ್ಷ ಕೋಶವಾದರೂ ನಮ್ಮ ಕೋಶ ಎಣಿಸುವ ಯಂತ್ರ, ಫ್ಲೋ ಸೈಟೋಮೀಟರ್‌ನಲ್ಲಿ ಹಾಯಬೇಕು. ಆಗ ಕೆಟ್ಟವು ಇಪ್ಪತ್ತರಷ್ಟು ಕಣ್ಣಿಗೆ ಬೀಳುತ್ತವೆ, ನಂಬಬಹುದು. ಸ್ಯಾಂಪಲ್ ನೀರುನೀರು. ಎರಡು ಲಕ್ಷಕ್ಕೇ ಖಾಲಿ. ಕೆಟ್ಟದ್ದು ಸೊನ್ನೆ.

"ಸೊನ್ನೆ ಅಂದ್ಮೇಲೆ ನೆಗೆಟಿವ್ ತಾನೇ? ಬರ್ದುಬಿಡಿ ಮಧುಶ್ರೀ," ಅಂದರು ಅವರಿಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಪ್ರಸಾದ್.

ಎರಡು ಲಕ್ಷದಲ್ಲಿ ಸೊನ್ನೆ ಅಂದರೆ, ಲಕ್ಷಕ್ಕೆ ಒಂದು ಅಡಗಿದ್ದರೂ ತಪ್ಪಿಸಿಕೊಂಡಿರಬಹುದು. 'ಸಾಲದು, ಮತ್ತೆ ಕಳಿಸಿ' ಎಂದು ಬರೆದೆ. ವರದಿ ಎತ್ತಿಕೊಂಡು ಹೋದರು.

ಫೆಬ್ರವರಿ 5

ವನಜಾಕ್ಷಿಯವರ ಗಂಡ ಮಹಾದೇವಸ್ವಾಮಿ ಲ್ಯಾಬ್‌ಗೇ ಬಂದರು.

"ಏನೂ ಸಿಕ್ಕಿಲ್ಲ ಅಂತೀರಿ. ಮತ್ಯಾಕೆ ಮೂಳೆಗೆ ಸೂಜಿ ಆಕದು?"

ಒಂದು ಹಿಡಿ ಭತ್ತ ನೋಡಿ ಇಡೀ ಮೂಟೆಯಲ್ಲಿ ಕಲ್ಲಿಲ್ಲ ಅನ್ನಲಾದೀತೇ ಅಂದೆ.

"ಮೂಟೆಗೆ ನೋವಾಗಕಿಲ್ಲ ಕಣಮ್ಮಾ."

ಅವರ ಸೋಸಲೆ ವಿಳಾಸ ಬರೆದಿಟ್ಟುಕೊಂಡೆ.

ಫೆಬ್ರವರಿ 8, ಭಾನುವಾರ

ರೋಗಿಯ ಮನೆಗೆ ಹೋಗಬಾರದಿತ್ತೇನೋ. ಹೋದೆ. ನರಸೀಪುರದಲ್ಲಿ ಬಸ್ ಬದಲಿಸಿ ಸೋಸಲೆ. ವನಜಾಕ್ಷಿ ಜಗಲಿಯ ಮೇಲೆ, ತಲೆಗೆ ಟವೆಲ್. ಗಂಡ ಮುಖ ತಿರುಗಿಸಿ ಒಳಗೆ ಹೋದರು. ಹೋದ ಸಲ ಸೂಜಿಯ ಮೊದಲ ಎಳೆತದ ಗಟ್ಟಿ ಮಜ್ಜೆ ಬೇರೆ ಟೆಸ್ಟ್‌ಗೆ ಹೋಯಿತು, ನಮಗೆ ಬಂದದ್ದರಲ್ಲಿ ರಕ್ತವೇ ಹೆಚ್ಚು ಎಂದು ವಿವರಿಸಿದೆ.

"ಅಂಗಾದ್ರೆ ಈ ಸತಿ ಮೊದಲ್ನೇದು ನಿಮ್ಗೇ ಕೊಡ್ಸಿ. ಇನ್ನೊಂದ್ಸತಿ ನನ್ ಕೈಲಾಗಕಿಲ್ಲ."

ಮಾತು ಕೊಟ್ಟೆ. ವಾಪಸು ಬಸ್ಸಿನಲ್ಲಿ ಭಯ — ಈ ಸಲವೂ ಸಾಲದೆ ಹೋದರೆ?

ಫೆಬ್ರವರಿ 17

ವನಜಾಕ್ಷಿಯವರ ಹೊಸ ಸ್ಯಾಂಪಲ್ ಪ್ರಸಾದ್ ಅವರೇ ತಂದುಕೊಟ್ಟರು. "ಮೊದಲ ಎಳೆತ. ತಗೊಳ್ಳಿ."

ಇಪ್ಪತ್ನಾಲ್ಕು ಲಕ್ಷ ಕೋಶ. ಪರದೆಯ ಮೂಲೆಯಲ್ಲಿ ಸಣ್ಣದೊಂದು ಗುಂಪು. ಮೂವತ್ತೊಂದು ಕೆಟ್ಟ ಕೋಶ. ಇನ್ನೊಮ್ಮೆ ಪರೀಕ್ಷಿಸಿದೆ. ಅವೇ.

ಗೆದ್ದೆ ಅನ್ನಿಸಲಿಲ್ಲ. ಒಂದೂ ಇರದಿರಲಿ ಎಂದು ನಾನೂ ಬೇಡಿಕೊಂಡಿದ್ದೆ.

"ಅವತ್ತು ನೆಗೆಟಿವ್ ಕೊಟ್ಟಿದ್ರೆ..." ಪ್ರಸಾದ್ ಅಲ್ಲಿಗೇ ನಿಲ್ಲಿಸಿದರು. ಔಷಧಿ ಬದಲಾಗುತ್ತದೆ.

ಫೆಬ್ರವರಿ 19, ಮಧ್ಯಾಹ್ನ

ವನಜಾಕ್ಷಿ ಫೋನ್ ಮಾಡಿದ್ದರು. ಡಾಕ್ಟರು ಹೇಳಿದ್ದಾರೆ.

"ಸಿಕ್ತಂತಲ್ಲ ಮೇಡಂ. ಸೋಮಾರದಿಂದ ಹೊಸ ಔಸ್ದಿ. ಇವ್ರು ಅಳ್ತಾವ್ರೆ. ನಾನು ಅಳ್ನಿಲ್ಲ. ನಿಮ್ದು ಊಟ ಆಯ್ತಾ?"

ಇನ್ನೂ ಇಲ್ಲ ಅಂದೆ. ಬೇರೇನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬರೀ, "ನಿಮ್ದಾಯ್ತಾ?"